ಕೊನೆಯ ಇಚ್ಛೆ ಲಾಕರಿನಲ್ಲಿರಬಾರದು

ಮಾನ್ಯ ಸಂಪಾದಕರೇ,

ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ. ಆ ಹದಿನೈದು ದಿನ ಊರೂರಲ್ಲೂ ಶಿಬಿರ, ಜಾಥಾ ನಡೆಯುತ್ತವೆ. ಜನ ಸಾಲಾಗಿ ನಿಂತು ಫಾರಂ ತುಂಬುತ್ತಾರೆ, ಪ್ರಮಾಣಪತ್ರ ಪಡೆಯುತ್ತಾರೆ, ಮರುದಿನ ನಿಮ್ಮ ಪತ್ರಿಕೆಯಲ್ಲೂ ಸುದ್ದಿ ಬರುತ್ತದೆ. ಅಷ್ಟು ಮಂದಿಯಲ್ಲಿ ಎಷ್ಟು ಜನರ ಮನೆಯವರಿಗೆ ಆ ಫಾರಂ ಎಲ್ಲಿದೆ ಎಂದು ಗೊತ್ತು? ನೋಂದಣಿಗೂ ದಾನಕ್ಕೂ ನಡುವೆ ಇರುವುದು ಸಾವಾದ ಮೇಲಿನ ಆರು ಗಂಟೆಗಳ ಅವಧಿ. ಆ ಆರು ಗಂಟೆ ಮನೆಯಲ್ಲಿ ನಿಂತಿರುವವರಿಗೆ ವಿಷಯ ತಿಳಿದಿರದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲೆಯೇ ಉಳಿಯುತ್ತದೆ. ದೇಹದಾನಕ್ಕೂ ಇದೇ ಮಾತು. ಅಂತ್ಯಕ್ರಿಯೆ ಹೀಗೇ ಆಗಬೇಕು ಎಂಬ ಆಸೆಗೂ ಇದೇ ಮಾತು.

ನೇತ್ರದಾನ, ದೇಹದಾನದ ನೋಂದಣಿ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಒಂದೇ ವಿಷಯ ಹೇಳುವುದಕ್ಕೆ. ಸತ್ತ ಮೇಲೆ ಆಸ್ತಿ ಏನಾಗಬೇಕು ಎಂಬುದು ಒಂದು ಕಾಗದ. ದೇಹ ಏನಾಗಬೇಕು ಎಂಬುದು ಬೇರೆಯೇ ಒಂದು ಕಾಗದ. ಮೊದಲನೆಯದು ಉಯಿಲು, ಎರಡನೆಯದನ್ನು ಇಲ್ಲಿ ಇಚ್ಛಾಪತ್ರ ಎನ್ನುತ್ತೇವೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಬೀಗ ಜಡಿದರೆ ಎರಡನೆಯದು ವ್ಯರ್ಥ.

ಬಹಳ ಜನ ಉಯಿಲಿನ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸುತ್ತಾರೆ: ನನ್ನ ಕಣ್ಣು ದಾನ ಮಾಡಿ, ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಿ, ತಿಥಿ ಮಾಡಬೇಡಿ. ವಕೀಲರೂ ಬರೆದುಕೊಡುತ್ತಾರೆ. ಆದರೆ ಉಯಿಲನ್ನು ಯಾವಾಗ ತೆಗೆದು ಓದುತ್ತಾರೆ? ಹಿಂದೂಗಳ ಮನೆಯಲ್ಲಾದರೆ ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟ ಮೇಲೆ. ಬ್ಯಾಂಕ್ ಲಾಕರಿನಲ್ಲಿದ್ದರೆ ಇನ್ನೂ ತಡ. ಲಾಕರ್ ತೆಗೆಯಲು ಮರಣ ಪ್ರಮಾಣಪತ್ರ ಬೇಕು, ಅದು ಕೈಗೆ ಬರುವ ಹೊತ್ತಿಗೆ ಅಸ್ಥಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗಿರುತ್ತದೆ. ಇನ್ನೊಂದು ತೊಡಕು ಕಾನೂನಿನದು. ಮೃತದೇಹ ಆಸ್ತಿಯಲ್ಲ; ಹೊಲ, ಮನೆ ಬರೆದುಕೊಟ್ಟ ಹಾಗೆ ಅದನ್ನು ಉಯಿಲಿನಲ್ಲಿ ಬರೆದುಕೊಡಲು ಬರುವುದಿಲ್ಲ. ಆ ಪ್ಯಾರಾ ಮನೆಯವರಿಗೆ ಮಾಡಿದ ಕೋರಿಕೆಯಾಗಿ ನಿಲ್ಲುತ್ತದೆ, ಅಷ್ಟೇ. ಕೋರಿಕೆ ಎಂದಮೇಲೆ ಅದು ಸಮಯಕ್ಕೆ ಸರಿಯಾಗಿ ಕಿವಿಗೆ ಬೀಳಬೇಕು.

ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಸರ್ಕಾರಿ ಗೌರವ ನಡೆಯಲಿಲ್ಲ, ವಿಧಿವಿಧಾನ ನಡೆಯಲಿಲ್ಲ. ಬೆಂಗಳೂರಿನ ಕಲ್ಲಹಳ್ಳಿ ವಿದ್ಯುತ್ ಚಿತಾಗಾರದಲ್ಲಿ ಸರಳವಾಗಿ ಅಂತ್ಯಕ್ರಿಯೆ ಮುಗಿಯಿತು. ಅಷ್ಟು ದೊಡ್ಡ ವ್ಯಕ್ತಿಯ ವಿಷಯದಲ್ಲಿ, ನಾಲ್ಕೂ ಕಡೆಯಿಂದ ಒತ್ತಡ ಬರುವ ಹೊತ್ತಿನಲ್ಲಿ ಅದು ಸಾಧ್ಯವಾದದ್ದು ಅವರ ಇಚ್ಛೆ ಏನೆಂಬುದು ಮನೆಯವರಿಗೆ ಮೊದಲೇ ಸ್ಪಷ್ಟವಾಗಿದ್ದರಿಂದ. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ಹೋದಾಗ ಕಣ್ಣುಗಳ ದಾನವಾಯಿತು. ಪುನೀತ್ 2021ರ ಅಕ್ಟೋಬರ್ 29ರಂದು ಹಠಾತ್ತನೆ ಹೋದಾಗಲೂ ಆಯಿತು, ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆ ಮನೆಯಲ್ಲಿ ಕಣ್ಣು ಕೊಡುವುದು ಹೊಸದಾಗಿ ಚರ್ಚಿಸಬೇಕಾದ ವಿಷಯವಾಗಿರಲಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆ, ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ನೋಡಿ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ, ವ್ಯಕ್ತಿ ಬದುಕಿದ್ದಾಗ ತಾನೇ ಒಪ್ಪಿಗೆ ಕೊಡುವುದಾದರೆ ಅದು ಲಿಖಿತವಾಗಿ, ಇಬ್ಬರು ಸಾಕ್ಷಿಗಳ ಎದುರು ಆಗಿರಬೇಕು. ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. 2014ರ ನಿಯಮಗಳಲ್ಲಿ ಇದಕ್ಕೆ ಫಾರಂ 7 ಇದೆ. ರಾಜ್ಯದಲ್ಲಿ ಅಂಗಾಂಗ ದಾನದ ಹೊಣೆ ಹೊತ್ತಿರುವುದು ಜೀವಸಾರ್ಥಕತೆ ಎಂಬ ಸಂಸ್ಥೆ. ರಾಷ್ಟ್ರಮಟ್ಟದ ಅಂಗಾಂಗ ಕಸಿ ಸಂಸ್ಥೆಯಾದ ನೋಟೊದ (NOTTO) ಜಾಲತಾಣದಲ್ಲಿ ಆಧಾರ್ ಸಂಖ್ಯೆ ಕೊಟ್ಟು ಮನೆಯಲ್ಲೇ ನೋಂದಾಯಿಸಿಕೊಳ್ಳಬಹುದು, ಅವರ ಉಚಿತ ಸಹಾಯವಾಣಿ 1800-11-4770. ಇಷ್ಟಿದ್ದರೂ ಆಸ್ಪತ್ರೆಯವರು ಮನೆಯವರ ಸಹಿ ಕೇಳದೆ ಮುಂದೆ ಹೋಗುವುದಿಲ್ಲ. ಅದಕ್ಕೆಂದೇ ಫಾರಂ 8 ಇದೆ. ಹೆಂಡತಿ ಒಪ್ಪಿ, ಊರಿಂದ ಬಂದ ದೊಡ್ಡಣ್ಣ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಅಳುವ ಮನೆಯ ಎದುರು ಕಾಯ್ದೆಯ ಪುಸ್ತಕ ಹಿಡಿದು ವಾದಿಸುವ ವೈದ್ಯರಿಲ್ಲ, ಇರಲೂಬಾರದು.

ಆದ್ದರಿಂದ ನಮ್ಮ ಸಲಹೆ: ಸಾಕ್ಷಿಯ ಸಹಿಗೆ ನಿಮ್ಮ ಮಾತನ್ನು ಸುಲಭವಾಗಿ ಒಪ್ಪುವವರನ್ನು ಹುಡುಕಬೇಡಿ. ಮನೆಯಲ್ಲಿ ಯಾರು ಬೇಡ ಎನ್ನಬಹುದೋ ಅವರಿಂದಲೇ ಸಹಿ ಹಾಕಿಸಿ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎನ್ನುವ ಅತ್ತೆ, ಸಂಸ್ಕಾರವಿಲ್ಲದೆ ಸದ್ಗತಿಯಿಲ್ಲ ಎನ್ನುವ ಚಿಕ್ಕಪ್ಪ, ಇವರ ಜೊತೆ ಆ ಮಾತು ಬದುಕಿದ್ದಾಗಲೇ ಆಗಿಹೋಗಬೇಕು. ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನಿ' ಎಂದು ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿ. ಒಂದು ಸಲ ಬಿಡ್ತು ಎನ್ನಿ, ಮಾತು ಮುಂದುವರಿಸಿ.

ಯಾವ ರೀತಿಯ ಸಾವಿನಲ್ಲಿ ಯಾವ ದಾನ ಸಾಧ್ಯ ಎಂಬುದರಲ್ಲಿ ದೊಡ್ಡ ಗೊಂದಲವಿದೆ. ಹೃದಯ, ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳನ್ನು ಕೊಡಲು ಸಾಮಾನ್ಯವಾಗಿ ಸಾಧ್ಯವಾಗುವುದು ಐಸಿಯುನಲ್ಲಿ, ವೆಂಟಿಲೇಟರ್ ಮೇಲಿರುವಾಗ ಮೆದುಳು ನಿಷ್ಕ್ರಿಯವಾಗಿದೆ ಎಂದು ಘೋಷಿಸಿದಾಗ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಫಾರಂ 10ಕ್ಕೆ ಸಹಿ ಹಾಕಬೇಕು. ಮನೆಯಲ್ಲಿ, ಹಾಸಿಗೆಯಲ್ಲಿ ಉಸಿರು ನಿಂತವರ ಮೂತ್ರಪಿಂಡ ಯಾರಿಗೂ ಉಪಯೋಗವಾಗದು. ಅವರಿಂದ ಸಿಗುವುದು ಕಣ್ಣು, ಕೆಲವು ಊರುಗಳಲ್ಲಿ ಚರ್ಮ (ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ) ಮತ್ತು ಇಡೀ ದೇಹ. ಕಣ್ಣು ಕೊಟ್ಟವರ ದೇಹವನ್ನು ಮೆಡಿಕಲ್ ಕಾಲೇಜು ತೆಗೆದುಕೊಳ್ಳುತ್ತದೆ, ಎರಡೂ ಒಟ್ಟಿಗೆ ಆಗುತ್ತವೆ. ಒಳ ಅಂಗಗಳನ್ನು ಕೊಟ್ಟ ದೇಹವನ್ನು ಕಾಲೇಜಿನ ಅನಾಟಮಿ (ದೇಹರಚನೆ ಕಲಿಸುವ) ವಿಭಾಗದವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮರಣೋತ್ತರ ಪರೀಕ್ಷೆ ನಡೆದ ದೇಹವನ್ನೂ ಅಷ್ಟೇ, ರಕ್ತನಾಳಗಳು ತುಂಡಾಗಿರುವುದರಿಂದ ಅದನ್ನು ಕೆಡದಂತೆ ಕಾಪಿಡಲಾಗದು. ಅಪಘಾತ, ವಿಷ, ಬೆಂಕಿ, ಆತ್ಮಹತ್ಯೆ ಇವೆಲ್ಲ ಪೊಲೀಸ್ ಕೇಸಿಗೆ ಸೇರುವ ಸಾವುಗಳು, ಅಲ್ಲಿ ದೇಹದಾನದ ಆಸೆ ಈಡೇರುವುದಿಲ್ಲ. ಆದರೆ ಅಂಥ ಕೇಸುಗಳಲ್ಲೂ ಪೊಲೀಸರ ಮತ್ತು ವಿಧಿವಿಜ್ಞಾನ ವೈದ್ಯರ ಒಪ್ಪಿಗೆಯಿದ್ದರೆ ಅಂಗದಾನ ಸಾಧ್ಯ. ರಾತ್ರಿ ಮರಣೋತ್ತರ ಪರೀಕ್ಷೆ ಮಾಡಬಾರದೆಂಬ ತೊಡಕನ್ನೂ ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಸಡಿಲಿಸಿದೆ.

ಕಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲ ಮನೆಗಳಲ್ಲೂ ಸಾಧ್ಯವಾಗುವ ದಾನ ಇದೊಂದೇ. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ ಆದರೆ ಒಳ್ಳೆಯದು. ಉಸಿರು ನಿಂತಿದೆ ಎಂದು ಖಚಿತವಾದ ಕೂಡಲೇ ರೆಪ್ಪೆ ಮುಚ್ಚಿ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ರೆಪ್ಪೆಯ ಮೇಲಿಟ್ಟು ಒಣಗದಂತೆ ನೋಡಿಕೊಳ್ಳಿ. ತಲೆಯ ಕೆಳಗೆ ದಿಂಬಿಟ್ಟು ಅರ್ಧ ಅಡಿಯಷ್ಟು ಎತ್ತರಿಸಿ, ಇಲ್ಲದಿದ್ದರೆ ರಕ್ತ ಇಳಿದು ಮುಖ ಊದಿಕೊಂಡು ಕಣ್ಣು ತೆಗೆಯುವಾಗ ರಕ್ತಸ್ರಾವವಾಗುತ್ತದೆ. ಫ್ಯಾನ್ ಆರಿಸಿ. ಇದನ್ನೇ ಎಲ್ಲರೂ ಮರೆಯುವುದು. ಜನ ತುಂಬಿದ ಕೋಣೆ, ಸೆಖೆ ಎಂದು ಯಾರೋ ಫ್ಯಾನ್ ಜೋರು ಮಾಡುತ್ತಾರೆ. ಅರೆತೆರೆದ ಕಣ್ಣಿನ ಮೇಲೆ ಗಾಳಿ ಬೀಸಿ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಒಣಗಿ ಮಬ್ಬಾಗುತ್ತದೆ. ಎಸಿ ಇದ್ದರೆ ಹಾಕಿ.

ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, ಹಣ ಕೇಳುವುದಿಲ್ಲ. ಹತ್ತಿರದವರೊಬ್ಬರ ಒಪ್ಪಿಗೆಯ ಸಹಿ ತೆಗೆದುಕೊಳ್ಳುತ್ತಾರೆ, ಸೋಂಕಿನ ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆಯುತ್ತಾರೆ. ಮಿಕ್ಕ ಕೆಲಸ ಹದಿನೈದು ಇಪ್ಪತ್ತು ನಿಮಿಷದ್ದು. ಕೆಲವು ಕಡೆ ಕಾರ್ನಿಯಾ ಮಾತ್ರ, ಕೆಲವು ಕಡೆ ಇಡೀ ಕಣ್ಣುಗುಡ್ಡೆ ತೆಗೆಯುತ್ತಾರೆ. ಹೇಗೇ ಆದರೂ ಆ ಜಾಗಕ್ಕೆ ಪಾರದರ್ಶಕವಾದ ಚಿಪ್ಪಿನಂಥ ಹೊದಿಕೆಯನ್ನೋ ಕೃತಕ ಗುಡ್ಡೆಯನ್ನೋ ಇಟ್ಟು ರೆಪ್ಪೆ ಮುಚ್ಚುತ್ತಾರೆ. ಅಂತಿಮ ದರ್ಶನಕ್ಕೆ ಬಂದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕನ್ನಡಕ ಹಾಕಿದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ಎಂಬತ್ತು ದಾಟಿದವರು, ಎಲ್ಲರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬಿಸ್, ರಕ್ತದ ಕ್ಯಾನ್ಸರ್, ರಕ್ತಕ್ಕೆ ಹರಡಿದ ಸೋಂಕು, ಇಂಥವುಗಳಿಂದ ತೀರಿಕೊಂಡವರಿಂದ ತೆಗೆದುಕೊಳ್ಳುವುದಿಲ್ಲ. ಬದುಕಿದ್ದಾಗ ನೋಂದಾಯಿಸಿರಲೇಬೇಕೆಂದಿಲ್ಲ, ಮನೆಯವರು ಒಪ್ಪಿದರೆ ಆ ಕ್ಷಣದಲ್ಲೂ ಫೋನ್ ಮಾಡಬಹುದು.

ದೇಹದಾನದ ದಾರಿ ಇದಕ್ಕಿಂತ ಕಷ್ಟ. ಇದಕ್ಕೆ ನೋಂದಣಿ ಆಯಾ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲೇ ಆಗಬೇಕು, ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದರೆ ಇದು ಆದಂತಲ್ಲ. ಕಾಲೇಜಿನ ಫಾರಂ, ಫೋಟೊ, ಗುರುತಿನ ಚೀಟಿಯ ಪ್ರತಿ, ಹತ್ತಿರದ ಸಂಬಂಧಿಗಳ ಒಪ್ಪಿಗೆ ಸಹಿ, ಇಬ್ಬರು ಸಾಕ್ಷಿಗಳು, ಕೆಲವು ಕಡೆ ಛಾಪಾ ಕಾಗದದ ಮೇಲೆ ಪ್ರಮಾಣಪತ್ರವೂ ಬೇಕು. ಎರಡು ಪ್ರತಿ ಮಾಡಿಸಿ ಒಂದನ್ನು ಕಾಲೇಜಿನ ಸೀಲು, ಸಹಿ ಹಾಕಿಸಿ ವಾಪಸು ತನ್ನಿ.

ಸಾವಾದ ಮೇಲೆ ಕಾಲೇಜಿನಲ್ಲಿ ಆಗುವುದೇನು ಎಂದು ತಿಳಿದರೆ ಈ ಅವಸರ ಏಕೆಂದು ಅರ್ಥವಾಗುತ್ತದೆ. ತೊಡೆಯ ಅಥವಾ ಕುತ್ತಿಗೆಯ ದೊಡ್ಡ ಅಪಧಮನಿಯನ್ನು ಬಿಡಿಸಿ ನಳಿಕೆ ಕಟ್ಟಿ, ಫಾರ್ಮಲಿನ್, ಗ್ಲಿಸರಿನ್, ಸ್ಪಿರಿಟ್ ಬೆರೆಸಿದ ದ್ರವವನ್ನು ಎತ್ತರದಲ್ಲಿಟ್ಟ ಪಾತ್ರೆಯಿಂದಲೋ ಪಂಪಿನಿಂದಲೋ ನಿಧಾನವಾಗಿ ಒಳಗೆ ಬಿಡುತ್ತಾರೆ. ವಯಸ್ಕರ ದೇಹಕ್ಕೆ ಎಂಟು ಹತ್ತು ಲೀಟರ್ ಹಿಡಿಯುತ್ತದೆ. ರಕ್ತ ಅಲ್ಲಲ್ಲಿ ಹೆಪ್ಪುಗಟ್ಟಿದ್ದರೆ ದ್ರವ ಬೆರಳ ತುದಿಯವರೆಗೆ ಹೋಗುವುದಿಲ್ಲ. ಹೋಗದ ಭಾಗ ಕೊಳೆಯುತ್ತದೆ, ಆ ದೇಹ ಪಾಠಕ್ಕೆ ಬಾರದು. ಅದಕ್ಕೇ ಆರೆಂಟು ಗಂಟೆಯೊಳಗೆ ತನ್ನಿ ಎನ್ನುವುದು. ತಣ್ಣಗಿಟ್ಟಿದ್ದರೆ ಸ್ವಲ್ಪ ಹೆಚ್ಚು ಕಾಲಾವಕಾಶ ಸಿಗುತ್ತದೆ.

ಕಾಲೇಜು ನಿರಾಕರಿಸುವ ಕಾರಣಗಳನ್ನು ನೋಂದಣಿಯ ದಿನವೇ ಕೇಳಿ ಬರೆದುಕೊಳ್ಳಿ. ಎಚ್‌ಐವಿ, ಹೆಪಟೈಟಿಸ್, ಕ್ಷಯದಂಥ ಸೋಂಕು, ಆಳವಾದ ಬೆನ್ನುಹುಣ್ಣು, ಗ್ಯಾಂಗ್ರಿನ್, ಇತ್ತೀಚಿನ ದೊಡ್ಡ ಶಸ್ತ್ರಚಿಕಿತ್ಸೆ, ತೀರಾ ಹೆಚ್ಚಿನ ತೂಕ ಇವು ಸಾಮಾನ್ಯ ಕಾರಣಗಳು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ದೇಹ ಇದರಿಂದಲೇ ತಿರಸ್ಕೃತವಾಗುತ್ತದೆ. ಆಗ ಮನೆಯವರು ಗೇಟಿನ ಮುಂದೆ ಆಂಬುಲೆನ್ಸ್ ನಿಲ್ಲಿಸಿಕೊಂಡು ದಿಕ್ಕು ತೋಚದೆ ನಿಲ್ಲುತ್ತಾರೆ. ಆದ್ದರಿಂದ ಇಚ್ಛಾಪತ್ರದಲ್ಲಿ ಎರಡನೇ ಆಯ್ಕೆ ಇರಲೇಬೇಕು: 'ದೇಹವನ್ನು ಕಾಲೇಜು ತೆಗೆದುಕೊಳ್ಳದಿದ್ದರೆ ಇಂಥ ವಿದ್ಯುತ್ ಚಿತಾಗಾರ' ಅಥವಾ 'ಇಂಥ ರುದ್ರಭೂಮಿ' ಎಂದು. ಇನ್ನೊಂದು ತೊಂದರೆ ಊರು ಬದಲಾಗುವುದರಿಂದ. ಮೈಸೂರಿನಲ್ಲಿ ನೋಂದಾಯಿಸಿದವರು ನಿವೃತ್ತರಾಗಿ ಶಿವಮೊಗ್ಗದ ಮಗಳ ಮನೆ ಸೇರುತ್ತಾರೆ, ಕಾರ್ಡಿನಲ್ಲಿ ಹಳೆಯ ಕಾಲೇಜೇ ಇರುತ್ತದೆ. ಅಷ್ಟು ದೂರ ಗಾಡಿ ಕಳಿಸುವ ಕಾಲೇಜಿಲ್ಲ. ಊರು ಬದಲಾದರೆ ಹತ್ತಿರದ ಕಾಲೇಜಿನಲ್ಲಿ ಹೊಸದಾಗಿ ನೋಂದಾಯಿಸಿ. ಸಹಿ ಹಾಕಿದ ಸಂಬಂಧಿ ಮೊದಲೇ ತೀರಿಕೊಂಡರೂ ಹೊಸ ಫಾರಂ ತುಂಬಿ. ಭಾನುವಾರ, ಹಬ್ಬದ ದಿನ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಯಾರು, ಗಾಡಿ ಅವರದೋ ನಮ್ಮದೋ, ಪಾಠ ಮುಗಿದ ಮೇಲೆ ಅವಶೇಷ ವಾಪಸು ಕೊಡುತ್ತಾರೋ ಇಲ್ಲವೋ ಎಂಬುದನ್ನೂ ಆ ದಿನವೇ ಕೇಳಿ.

ಮನೆಯಲ್ಲಿ ಸಾವಾದಾಗ ಎಲ್ಲಕ್ಕೂ ಮೊದಲು ಬೇಕಾದದ್ದು ವೈದ್ಯರ ಪ್ರಮಾಣಪತ್ರ, ಸಾವಿನ ಕಾರಣ ಬರೆದ ಫಾರಂ 4ಎ. ಅದಿಲ್ಲದೆ ಕಾಲೇಜು ದೇಹ ಮುಟ್ಟುವುದಿಲ್ಲ, ನಗರದ ಚಿತಾಗಾರದಲ್ಲೂ ಕೇಳುತ್ತಾರೆ. ಎಂದೂ ನೋಡದ ರೋಗಿಯ ಸಾವಿಗೆ ಯಾವ ವೈದ್ಯರೂ ಸಹಿ ಹಾಕಲಾರರು, ಅದು ಅವರ ತಪ್ಪಲ್ಲ. ವಯಸ್ಸಾದವರು ಹತ್ತಿರದ ಒಬ್ಬ ವೈದ್ಯರಲ್ಲಿ ಆಗಾಗ ತೋರಿಸಿಕೊಳ್ಳುತ್ತಿರಬೇಕು. ಅವರ ಹೆಸರು, ಫೋನ್ ಇಚ್ಛಾಪತ್ರದಲ್ಲಿರಬೇಕು, ಕೊನೆಯ ಔಷಧ ಚೀಟಿ ಅದಕ್ಕೆ ಪಿನ್ ಆಗಿರಬೇಕು. ಮುಂದೆ 21 ದಿನದೊಳಗೆ ಮರಣ ನೋಂದಣಿ ಮಾಡಿಸುವಾಗ ಸ್ಮಶಾನದ ರಸೀದಿಯ ಜಾಗದಲ್ಲಿ ಕಾಲೇಜು ಕೊಟ್ಟ ಸ್ವೀಕೃತಿ ಪತ್ರ ತೋರಿಸಬೇಕಾಗುತ್ತದೆ, ಅದನ್ನು ಜೋಪಾನವಾಗಿಡಿ.

ಮಕ್ಕಳು ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ಮನೆಗಳಿಗೆ ಇದರ ಜೊತೆ ಇನ್ನೊಂದು ಪ್ರಶ್ನೆ ಇದೆ: ಕಾಯಬೇಕೋ ಬೇಡವೋ? ಇದನ್ನು ತೀರಿಕೊಂಡವರೇ ಬರೆದಿಟ್ಟಿರಬೇಕು, ಇಲ್ಲದಿದ್ದರೆ ಇಲ್ಲಿರುವ ಮಗಳ ಮೇಲೆ ಆ ನಿರ್ಧಾರದ ಭಾರ ಬಿದ್ದು ಮುಂದೆ ಅಣ್ಣ ತಂಗಿಯರ ನಡುವೆ ಮಾತು ನಿಲ್ಲುತ್ತದೆ. ಕಾಯುವುದಾದರೂ ಕಣ್ಣಿನ ದಾನ ನಿಲ್ಲಬೇಕಿಲ್ಲ, ಮೊದಲು ಕಣ್ಣು ತೆಗೆಸಿ ಆಮೇಲೆ ಫ್ರೀಜರ್ ಬಾಕ್ಸಿನಲ್ಲಿಡಬಹುದು. ದೇಹದಾನ ಮಾತ್ರ ಎರಡು ದಿನ ಮನೆಯಲ್ಲಿ ಕಾಯಲಾರದು. ದೇಹವನ್ನು ಒಪ್ಪಿಸಿಬಿಟ್ಟು, ಮಗ ಬಂದ ಮೇಲೆ ಕಾಲೇಜಿನಲ್ಲೇ ದರ್ಶನಕ್ಕೆ ಅವಕಾಶ ಕೊಡುವಿರಾ ಎಂದು ವಿಭಾಗದ ಮುಖ್ಯಸ್ಥರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ದಾನದ ಆಸೆಯಿಲ್ಲದವರಿಗೂ ಹೇಳಬೇಕಾದ್ದು ಬಹಳ ಇರುತ್ತದೆ. ಸುಡುವುದೋ ಹೂಳುವುದೋ, ಕಟ್ಟಿಗೆಯೋ ವಿದ್ಯುತ್ತೋ, ಬೆಂಕಿ ಇಡುವುದು ಮಗಳೋ ಅಳಿಯನೋ, ಹದಿಮೂರು ದಿನದ ಕರ್ಮ ಪೂರ್ತಿಯೋ, ಮೂರೇ ದಿನವೋ, ಏನೂ ಬೇಡವೋ. ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಯಿರುವ ಮನೆಯವರು ದೇಹದಾನ ಬಯಸಿದರೆ ಮಠದವರಿಗೂ ಮೊದಲೇ ತಿಳಿಸಿಟ್ಟರೆ ಆ ದಿನ ಜಗ್ಗಾಟ ತಪ್ಪುತ್ತದೆ. ಕ್ರೈಸ್ತರು ಯಾವ ಚರ್ಚಿನ ಸ್ಮಶಾನ, ಮನೆತನದ ಗುಂಡಿಯೇ ಆಗಬೇಕೋ ಎಂಬುದನ್ನು ಬರೆದಿಡಬೇಕು. ಮುಸ್ಲಿಮರಲ್ಲಿ ದಫನ್ ಬೇಗ ಆಗುವುದರಿಂದ ಹೇಳಬೇಕಾದ್ದು ಇನ್ನೂ ಬೇಗ ಕೈಗೆ ಸಿಗುವಂತಿರಬೇಕು.

ಹಳ್ಳಿಗಳಲ್ಲಿ 'ನನ್ನನ್ನು ನಮ್ಮ ತೋಟದಲ್ಲೇ ಮಣ್ಣು ಮಾಡಿ' ಎನ್ನುವವರು ಬಹಳ. ಆಸೆ ಸಹಜ, ಆದರೆ ಮೂರು ವಿಷಯ ನೋಡಿಕೊಳ್ಳಿ: ಪಹಣಿ ಯಾರ ಹೆಸರಿನಲ್ಲಿದೆ, ಆ ಜಾಗ ಮುಂದೆ ಪಾಲಿನಲ್ಲಿ ಯಾರಿಗೆ ಹೋಗುತ್ತದೆ, ಬಾವಿ ಅಥವಾ ಕೊಳವೆಬಾವಿ ಎಷ್ಟು ಹತ್ತಿರ. ಪಂಚಾಯಿತಿಯಲ್ಲಿ ವಿಚಾರಿಸಿ, ಪಟ್ಟಣದ ವ್ಯಾಪ್ತಿಯಲ್ಲಾದರೆ ಸ್ಥಳೀಯ ಸಂಸ್ಥೆಯ ಅನುಮತಿಯಿಲ್ಲದೆ ಸ್ವಂತ ನಿವೇಶನದಲ್ಲಿ ಹೂಳಲು ಹೋಗಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ದೊಡ್ಡಕ್ಷರದಲ್ಲಿ ಬರೆದಿಡಬೇಕು. ಸುಡುವ ಮೊದಲು ಅದನ್ನು ತೆಗೆಸದಿದ್ದರೆ ಒಳಗಿನ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ; ವಿದ್ಯುತ್ ಚಿತಾಗಾರದ ಒಲೆಗೆ ಹಾನಿ, ಹತ್ತಿರ ನಿಂತ ಸಿಬ್ಬಂದಿಗೆ ಅಪಾಯ. ಚರ್ಮದ ಕೆಳಗೇ ಇರುವುದರಿಂದ ವೈದ್ಯರಿಗೆ ಅದನ್ನು ತೆಗೆಯುವುದು ಸಣ್ಣ ಕೆಲಸ. ಇನ್ನು ಮೂಗುತಿ, ಓಲೆ, ತಾಳಿ, ಕಾಲುಂಗುರ. ಇವು ಯಾರಿಗೆ ಎಂದು ಒಂದು ಸಾಲು ಬರೆದಿಡಿ. ಹಳೆಯ ಮೂಗುತಿಯ ತಿರುಪು ಬಿಗಿದುಕೊಂಡಿರುತ್ತದೆ, ದುಃಖದ ಹೊತ್ತಿನಲ್ಲಿ ಅದನ್ನು ಎಳೆದಾಡುವುದು ನೋಡಲಾಗದ ಸಂಗತಿ. ಹಾಸಿಗೆ ಹಿಡಿದ ಹಿರಿಯರ ಮೂಗುತಿಯನ್ನು ಅವರ ಒಪ್ಪಿಗೆಯಿಂದ ಮೊದಲೇ ಸಡಿಲಿಸಿ ಹಾಕಿಟ್ಟರೆ ಸಾಕು.

ಹಾಗಾದರೆ ಆ ಕಾಗದ ಹೇಗಿರಬೇಕು? ಒಂದೇ ಹಾಳೆ. ಮೇಲೆ ಹೆಸರು, ಹುಟ್ಟಿದ ದಿನ, ಆಧಾರ್ ಎಲ್ಲಿದೆ, ರಕ್ತದ ಗುಂಪು, ಕಾಯಿಲೆಗಳು. ಮೊದಲ ಸಾಲುಗಳಲ್ಲೇ ಕಣ್ಣು ಮತ್ತು ದೇಹದ ವಿಷಯ, ನೇತ್ರ ಬ್ಯಾಂಕ್, ಅನಾಟಮಿ ವಿಭಾಗ, ವೈದ್ಯರ ಫೋನ್ ಸಂಖ್ಯೆಗಳು; ಏಕೆಂದರೆ ಓದುವವರು ನಡುಗುವ ಕೈಯಲ್ಲಿ ಓದುತ್ತಾರೆ, ಕೆಳಗಿನವರೆಗೆ ಕಣ್ಣಾಡಿಸುವ ಸ್ಥಿತಿಯಲ್ಲಿರುವುದಿಲ್ಲ. ಆಮೇಲೆ ಎರಡನೇ ಆಯ್ಕೆ, ಕರ್ಮಗಳ ವಿಷಯ, ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು, ಯಾರಿಗೆಲ್ಲ ಹೇಳಿಕಳಿಸಬೇಕು, ಖರ್ಚಿನ ಹಣ ಎಲ್ಲಿದೆ. ಕೊನೆಗೆ ತೀರ್ಮಾನ ಯಾರದು ಎಂದು ಒಬ್ಬರ ಹೆಸರು, ಅವರು ಸಿಗದಿದ್ದರೆ ಇನ್ನೊಬ್ಬರದು. 'ಮಕ್ಕಳೆಲ್ಲ ಸೇರಿ ತೀರ್ಮಾನಿಸಲಿ' ಎಂದು ಬರೆದರೆ ಯಾರೂ ತೀರ್ಮಾನಿಸುವುದಿಲ್ಲ. ತಾರೀಖು, ಸಹಿ, ಇಬ್ಬರ ಸಾಕ್ಷಿ. ಕೈಬರಹವಾದರೆ ಇನ್ನೂ ಒಳ್ಳೆಯದು, ಮನೆಯವರಿಗೆ ಗುರುತಿನ ಅಕ್ಷರ ಕಂಡರೆ ನಂಬಿಕೆ ಬರುತ್ತದೆ. ಮೂಲ ಪ್ರತಿ ಬೀರುವಿನ ಬಾಗಿಲ ಒಳಬದಿಗೆ ಅಂಟಿರಲಿ, ಒಂದು ಪ್ರತಿ ವೈದ್ಯರ ಬಳಿ, ಒಂದು ಫೋಟೊ ಮಕ್ಕಳ ಮತ್ತು ಪಕ್ಕದ ಮನೆಯವರ ವಾಟ್ಸಾಪಿನಲ್ಲಿ. ಪಕ್ಕದ ಮನೆಯವರೇಕೆ ಎಂದರೆ, ಒಂಟಿಯಾಗಿರುವ ಹಿರಿಯರ ಮನೆಗೆ ಮೊದಲು ಓಡಿಬರುವವರು ಅವರೇ. ಮನಸ್ಸು ಬದಲಾಯಿಸಿದರೆ ಹಳೆಯ ಪ್ರತಿಗಳನ್ನೆಲ್ಲ ಹರಿದುಹಾಕಿ. ಬೇರೆಬೇರೆ ತಾರೀಖಿನ ಎರಡು ಕಾಗದ ಸಿಕ್ಕರೆ ಕಾಗದವೇ ಇಲ್ಲದ್ದಕ್ಕಿಂತ ದೊಡ್ಡ ಜಗಳ.

ಮದುವೆಯಾಗದವರು, ಮಕ್ಕಳಿಲ್ಲದವರು, ಮನೆಯವರಿಂದ ದೂರವಾದವರು ಇದನ್ನು ಎಲ್ಲರಿಗಿಂತ ಮೊದಲು ಮಾಡಬೇಕು. ಆಸ್ಪತ್ರೆ ದೇಹವನ್ನು ಒಪ್ಪಿಸುವುದು ರಕ್ತಸಂಬಂಧಿಗೆ, ಮೂವತ್ತು ವರ್ಷದ ಗೆಳೆಯನಿಗಲ್ಲ. ಗೆಳೆಯನೋ ಗೆಳತಿಯೋ ನೋಡಿಕೊಳ್ಳಲಿ ಎಂದಿದ್ದರೆ ಅವರ ಹೆಸರಿಗೆ ಅಧಿಕಾರ ಪತ್ರ ಬರೆದು ನೋಟರಿ ಮಾಡಿಸಿ, ಅಣ್ಣತಮ್ಮಂದಿರು ಯಾರಾದರೂ ಇದ್ದರೆ ಅಭ್ಯಂತರವಿಲ್ಲವೆಂಬ ಸಹಿಯನ್ನೂ ಪಡೆದಿಡಿ. ಇಷ್ಟರಿಂದ ಎಲ್ಲ ಅಡ್ಡಿಯೂ ನಿವಾರಣೆಯಾಗುತ್ತದೆ ಎನ್ನಲಾರೆವು, ಆದರೆ ಇದಿಲ್ಲದೆ ಗೆಳೆಯರ ಮಾತಿಗೆ ಬೆಲೆಯೇ ಇರುವುದಿಲ್ಲ. ದಾಖಲೆಯಿಲ್ಲದೆ, ಯಾರೂ ಬಾರದೆ ಶವಾಗಾರದಲ್ಲಿ ಉಳಿದವರು ವಾರಸುದಾರರಿಲ್ಲದವರ ಪಟ್ಟಿಗೆ ಸೇರುತ್ತಾರೆ.

ಆಸ್ತಿಯ ಉಯಿಲಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುವುದರಿಂದ ನಾಲ್ಕೇ ಮಾತು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಬ್ಯಾಂಕಿನ ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರೇ ಹೊರತು ಮಾಲೀಕರಲ್ಲ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು. ದೇಹದ ಇಚ್ಛಾಪತ್ರ ಬೇರೆ ಇದೆ, ಇಂಥಲ್ಲಿದೆ ಎಂದು ಉಯಿಲಿನಲ್ಲಿ ಒಂದು ಸಾಲು ಸಾಕು.

'ಲಿವಿಂಗ್ ವಿಲ್' ಎಂಬುದು ಮೂರನೆಯ ಕಾಗದ. ಅದು ಸತ್ತ ಮೇಲಿನದಲ್ಲ, ಚೇತರಿಸಿಕೊಳ್ಳಲಾಗದ ಸ್ಥಿತಿಯಲ್ಲಿ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಕೇ ಬೇಡವೇ ಎಂಬುದರ ಬಗ್ಗೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು ಎಂದಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಈ ಪತ್ರದಲ್ಲಿ ಹೆಸರಿಸುವ ಹತ್ತಿರದವರೂ ದೇಹದ ಇಚ್ಛಾಪತ್ರದಲ್ಲಿ ಹೆಸರಿಸುವವರೂ ಒಬ್ಬರೇ ಆಗಿದ್ದರೆ ಐಸಿಯು ಬಾಗಿಲಲ್ಲಿ ಎರಡು ಪಕ್ಷಗಳಾಗುವುದಿಲ್ಲ.

ಕೊನೆಯದಾಗಿ, ಜನ ತಮ್ಮ ಕೆಲಸ ಮಾಡಿದರೂ ಸಂಸ್ಥೆಗಳ ಕಡೆಯಿಂದ ಆಗಬೇಕಾದ್ದು ಉಳಿದಿದೆ. ರಾಜ್ಯದ ಪ್ರತಿ ಮೆಡಿಕಲ್ ಕಾಲೇಜು ತನ್ನ ಅನಾಟಮಿ ವಿಭಾಗದ ರಾತ್ರಿ ಮತ್ತು ರಜಾದಿನದ ಫೋನ್ ಸಂಖ್ಯೆಯನ್ನು, ದೇಹ ನಿರಾಕರಿಸುವ ಕಾರಣಗಳನ್ನು, ಗಾಡಿ ಕಳಿಸುವ ದೂರದ ಮಿತಿಯನ್ನು ಕನ್ನಡದಲ್ಲಿ ಜಾಲತಾಣದಲ್ಲೂ ಗೇಟಿನ ಬಳಿಯ ಫಲಕದಲ್ಲೂ ಹಾಕಬೇಕು. ಒಂದು ಕಾಲೇಜಿನ ನೋಂದಣಿಯನ್ನು ಇನ್ನೊಂದು ಕಾಲೇಜು ಮಾನ್ಯ ಮಾಡುವ ವ್ಯವಸ್ಥೆಯನ್ನು ವೈದ್ಯಕೀಯ ಶಿಕ್ಷಣ ಇಲಾಖೆ ತರಬೇಕು. ನೇತ್ರದಾನ ಶಿಬಿರ ನಡೆಸುವವರು ಫಾರಂ ತುಂಬಿದವರ ಕೈಗೆ ಪ್ರಮಾಣಪತ್ರ ಕೊಡುವ ಮೊದಲು, ಅಲ್ಲೇ ಮನೆಯ ಇಬ್ಬರಿಗೆ ಫೋನ್ ಮಾಡಿಸಿ ಸ್ಪೀಕರಿನಲ್ಲಿ ವಿಷಯ ಹೇಳಿಸಲಿ. ಆ ಇಬ್ಬರ ಹೆಸರು, ಸಂಖ್ಯೆ ಫಾರಂ ಮೇಲೆ ಬರೆಯುವುದನ್ನು ಮುಂದಿನ ಆಗಸ್ಟ್ 25ರಿಂದಲೇ ಕಡ್ಡಾಯ ಮಾಡಬಹುದು, ಅದಕ್ಕೆ ಹೊಸ ಕಾನೂನೂ ಬೇಡ, ಅನುದಾನವೂ ಬೇಡ.

ಇಂತಿ,
ನೇತ್ರದಾನ ಮತ್ತು ದೇಹದಾನ ನೋಂದಣಿ ಕೆಲಸದಲ್ಲಿರುವ ಕೆಲವು ಓದುಗರು,
ಮೈಸೂರು